ಒಂದು ದಿನ ಪೂರ್ತಿ, ಒಂದು ದಿನ ಅರ್ಧ

ಕೊಟ್ಟೂರಿನಲ್ಲಿ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಆರು ಟೈಪ್‌ರೈಟರುಗಳಿದ್ದವು. ನಾಲ್ಕು ಇಂಗ್ಲಿಷಿನವು, ಎರಡು ಕನ್ನಡದವು. ಬೆಳಿಗ್ಗೆ ಆರೂವರೆಗೆ ಮೊದಲನೆಯ ಬ್ಯಾಚು, ಸಂಜೆ ಆರೂವರೆಗೆ ಕೊನೆಯದು. ಮಕ್ಕಳು ಹುಟ್ಟುವ ಮೊದಲಿನಿಂದಲೂ ಆ ಇನ್‌ಸ್ಟಿಟ್ಯೂಟನ್ನು ನಾನೇ ನಡೆಸುತ್ತಿದ್ದೆ. ನಮ್ಮ ಯಜಮಾನರು ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಹಗಲೆಲ್ಲ ಮನೆಯಲ್ಲಿ ನಾನು, ಅತ್ತೆ, ಶಾಲೆಗೆ ಹೋಗಿ ಬರುವ ಎರಡು ಮಕ್ಕಳು, ಮತ್ತು ಆ ಮೆಷಿನ್ನುಗಳ ಸದ್ದು.

ಅಂಥ ಸದ್ದಿನಲ್ಲಿ ಯಾರಿಗೂ ನಿದ್ದೆ ಬರುವಂತಿರಲಿಲ್ಲ. ನನಗೆ ಬಂತು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು, ನನಗಾಗ ಮೂವತ್ತಾರು. ಮಧ್ಯಾಹ್ನದ ಬ್ಯಾಚಿನಲ್ಲಿ ಕುರ್ಚಿಯ ಮೇಲೆ ಕೂತಲ್ಲೇ ಕಣ್ಣು ಮುಚ್ಚಿಬಿಟ್ಟಿತ್ತು. ಎಚ್ಚರವಾದದ್ದು ಸದ್ದು ನಿಂತಾಗ. ಎಲ್ಲರೂ ಕೈ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಒಬ್ಬಳು ಹತ್ತಿರ ಬಂದು, "ಮೇಡಂ, ಟೈಮ್ ಆತ್ರಿ," ಅಂದಳು. ತಾಸು ಮುಗಿದು ಹತ್ತು ನಿಮಿಷವಾಗಿತ್ತು. ಮುಂದಿನ ಬ್ಯಾಚಿನವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು.

ದಣಿವು ಅದಕ್ಕೂ ಮೊದಲೇ ಶುರುವಾಗಿತ್ತು, ಆದರೆ ಯಾವತ್ತಿನಿಂದ ಎಂದು ಹೇಳಲಾರೆ. ಎರಡನೆಯ ಬಾಣಂತನದ ನಂತರ ಮೈ ಭಾರವಾಗುತ್ತಲೇ ಹೋಯಿತು. ತಿನ್ನುವುದು ಮೊದಲಿನಷ್ಟೇ, ಆದರೂ ಮುಖ ಊದಿಕೊಂಡಿತು, ಬಳೆಗಳು ಕೈಗೆ ಕಚ್ಚಿಕೊಂಡವು. ಎಲ್ಲರೂ ಸೆಕೆ ಎಂದು ಹೊರಗೆ ಮಲಗುವ ಕಾಲದಲ್ಲಿ ನಾನು ಚಾದರ ಹುಡುಕುತ್ತಿದ್ದೆ. ಮೊಣಕಾಲಿನ ಚರ್ಮ ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಿಟ್ಟಿತ್ತು. ಪಕ್ಕದ ಕೋಣೆಯಲ್ಲಿರುವ ಕಾಗದದ ರೀಮು ತರಬೇಕೆಂದರೂ ಎದ್ದು ನಿಲ್ಲುವ ಮೊದಲು ಒಂದು ಗಳಿಗೆ ಯೋಚಿಸುತ್ತಿದ್ದೆ.

ಅತ್ತೆಗೆ ಅದು ಸೋಮಾರಿತನದಂತೆಯೇ ಕಂಡಿತು. ಅವರದು ಕೆಟ್ಟ ಮನಸ್ಸಲ್ಲ. ನಾಲ್ಕು ಮಕ್ಕಳನ್ನು ಹೆತ್ತು, ಹೊಲಕ್ಕೆ ಹೋಗಿ ಬಂದು, ಮತ್ತೆ ರೊಟ್ಟಿ ಬಡಿದವರು. "ಕುಂತ ಕೆಲಸ ಅಲ್ಲೇನವ್ವಾ, ಮೈ ಬಂದೈತಿ. ನಾಕು ಕೊಡ ನೀರು ಹೊತ್ತರ ಇಳೀತೈತಿ," ಅನ್ನುತ್ತಿದ್ದರು. ಊರಿನ ಡಾಕ್ಟರು ಕಣ್ಣಿನ ರೆಪ್ಪೆ ಇಳಿಸಿ ನೋಡಿ ರಕ್ತ ಕಡಿಮೆ ಇದೆ ಎಂದರು. ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ನುಂಗಿದೆ. ಆರು ತಿಂಗಳಾದರೂ ಅದೇ ದಣಿವು. ಅಷ್ಟರಲ್ಲಿ ನನ್ನ ದನಿಯೂ ಒಡೆಯಿತು. ಡಿಕ್ಟೇಶನ್ ಕೊಡುವಾಗ ಹಿಂದಿನ ಸಾಲಿನ ಹುಡುಗರು, "ಏನಂದ್ರಿ ಮೇಡಂ?" ಎಂದು ಎರಡೆರಡು ಸಲ ಕೇಳತೊಡಗಿದರು. ಆಗ ಅದೇ ಡಾಕ್ಟರು ನನ್ನ ಕತ್ತನ್ನು ಮುಟ್ಟಿ ನೋಡಿ, ದಾವಣಗೆರೆಯ ದೊಡ್ಡ ಡಾಕ್ಟರಿಗೆ ಚೀಟಿ ಬರೆದರು.

ದಾವಣಗೆರೆಯಲ್ಲಿ ರಕ್ತ ತೆಗೆದುಕೊಂಡರು. ರಿಪೋರ್ಟಿಗೆ ವಾರ ಕಾಯಬೇಕಾಯಿತು. ಕತ್ತಿನಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ, ಅದು ಮಾಡಬೇಕಾದ ಕೆಲಸ ಮಾಡುತ್ತಿಲ್ಲ, ಅದು ಕೊಡಬೇಕಾದ್ದನ್ನು ಇನ್ನು ಮುಂದೆ ಗುಳಿಗೆ ಕೊಡಬೇಕು ಎಂದು ಆ ಡಾಕ್ಟರು ಹೇಳಿದರು.

"ಎಷ್ಟು ದಿನರೀ?" ಎಂದು ಯಜಮಾನರು ಕೇಳಿದರು.

"ಇರೋವರೆಗೂ."

ಯಜಮಾನರ ಮುಖ ಸಪ್ಪಗಾಯಿತು. ನನಗೆ ಮಾತ್ರ ಒಳಗೊಳಗೇ ಸಮಾಧಾನ. ನಾನು ಸೋಮಾರಿಯಲ್ಲ ಎಂದು ಯಾರೋ ಕಾಗದದ ಮೇಲೆ ಬರೆದುಕೊಟ್ಟಂತಿತ್ತು.

ಐವತ್ತು ಮೈಕ್ರೋಗ್ರಾಮಿನ ಗುಳಿಗೆಯಿಂದ ಶುರುಮಾಡಿದರು. ಸಾಸಿವೆಗಿಂತ ತುಸು ದೊಡ್ಡದಾದ ಬಿಳಿ ಗುಳಿಗೆ, ಕಂದು ಗಾಜಿನ ಸೀಸೆಯಲ್ಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು ಎಂದು ಹೇಳಿದ್ದು ನನಗೆ ಕೇಳಿಸಿತ್ತು. ಆದರೆ ಆರೂವರೆಗೆ ಬ್ಯಾಚು. ಎದ್ದು ಮುಖ ತೊಳೆದು, ಒಲೆ ಹಚ್ಚಿ, ಚಹಾ ಕುಡಿಯುವಾಗಲೇ ಆ ಗುಳಿಗೆಯನ್ನೂ, ಮರೆತುಹೋದೀತು ಎಂದು ಅದರ ಜೊತೆಗೇ ಕಬ್ಬಿಣದ ಗುಳಿಗೆಯನ್ನೂ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಚಹಾ ಕುಡಿದರೆ ಹೊಟ್ಟೆ ಖಾಲಿಯಲ್ಲ ಎಂದು ನಮ್ಮ ಕಡೆ ಯಾರು ತಿಳಿಯುತ್ತಾರೆ? ಬೆಳಿಗ್ಗೆ ಎರಡು ಸಲ ಚಹಾ ಕುಡಿದವರೂ, "ಇನ್ನಾ ಏನೂ ಹೊಟ್ಟಿಗೆ ಹಾಕ್ಕೊಂಡಿಲ್ಲ" ಅನ್ನುವವರೇ.

ಎರಡು ತಿಂಗಳ ನಂತರ ಮತ್ತೆ ರಕ್ತ ಕೊಟ್ಟೆ. ಹೆಚ್ಚು ಬದಲಾಗಿರಲಿಲ್ಲ. ಡಾಕ್ಟರು ಐವತ್ತನ್ನು ನೂರು ಮಾಡಿದರು. ಮತ್ತೆ ಎರಡು ತಿಂಗಳು, ಮತ್ತೆ ಬಸ್ಸು, ಮತ್ತೆ ಸೂಜಿ. ಇನ್ನೂ ಸಾಲದು ಎಂದು ನೂರೈವತ್ತಕ್ಕೆ ಏರಿಸಿದರು. ಕಾಯುವುದರಲ್ಲೇ ಅರ್ಧ ವರ್ಷ ಹೋಯಿತು. ಜ್ವರಕ್ಕೆ ಗುಳಿಗೆ ತಿಂದರೆ ಸಂಜೆಗೆ ಗೊತ್ತಾಗುತ್ತದೆ. ಇದು ಹಾಗಲ್ಲ. ಇವತ್ತು ನುಂಗಿದ್ದು ಏನು ಮಾಡಿತು ಎಂದು ಮೈ ಹೇಳುವುದು ಎಷ್ಟೋ ವಾರಗಳ ಮೇಲೆ.

ಅದೇ ಹೊತ್ತಿಗೆ ಊರಿನ ಡಾಕ್ಟರು, ರಕ್ತ ಸರಿಯಾಗಿದೆ, ಕಬ್ಬಿಣದ ಗುಳಿಗೆ ಇನ್ನು ಸಾಕು ಎಂದರು. ನಾನು ನಿಲ್ಲಿಸಿದೆ. ಒಂದು ಗುಳಿಗೆ ಕಡಿಮೆಯಾಯಿತಲ್ಲ ಎಂದು ಸಂತೋಷಪಟ್ಟೆನೇ ಹೊರತು, ಅದನ್ನು ದಾವಣಗೆರೆಯ ಡಾಕ್ಟರಿಗೆ ತಿಳಿಸಬೇಕೆಂದು ಹೊಳೆಯಲಿಲ್ಲ.

ತಿಂಗಳೊಳಗೆ ನಾನು ಬೇರೆಯೇ ಹೆಂಗಸಾದೆ. ಊದಿದ್ದ ಮುಖ ಇಳಿಯಿತು. ಬಳೆ ಸಡಿಲಾದವು. ಅಲಾರಾಂ ಇಲ್ಲದೆ ಐದಕ್ಕೆ ಎದ್ದು, ಬ್ಯಾಚು ಬರುವುದರೊಳಗೆ ಅಂಗಳ ಸಾರಿಸಿ, ರೊಟ್ಟಿ ಬಡಿದು ಮುಗಿಸುತ್ತಿದ್ದೆ. ವರ್ಷಗಳಿಂದ ಮೇಲಿಟ್ಟಿದ್ದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅತ್ತೆ ಬಾಗಿಲಿಗೆ ಒರಗಿ ನೋಡುತ್ತಾ, "ಈಗ ನೋಡ್ರಿ, ನನ್ನ ಸೊಸಿ ನನಗ ಸಿಕ್ಕಳು," ಎಂದು ನೆರೆಮನೆಯವರಿಗೆ ಹೇಳಿದರು. ಸಂತೆಯಲ್ಲಿ ಸಿಕ್ಕವರು, "ಏನು ತಿಂದು ಸಣ್ಣ ಆದ್ರಿ, ನಮಗೂ ಹೇಳ್ರಿ," ಅಂದರು. ನನಗೆ ನಗು ಬರುತ್ತಿತ್ತು. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನನಗೆ ನಾನೇ ಬಹಳ ಇಷ್ಟವಾಗಿದ್ದೆ.

ಬೇರೆಯವೂ ಬಂದವು, ಒಂದೊಂದಕ್ಕೂ ನನ್ನ ಹತ್ತಿರ ಒಂದು ಕಾರಣ ಸಿದ್ಧವಾಗಿತ್ತು. ದಿನಕ್ಕೆ ಮೂರು ನಾಲ್ಕು ಸಲ ಹಿತ್ತಲಿಗೆ ಓಡುತ್ತಿದ್ದೆ. ನೀರು ಬದಲಾಗಿರಬೇಕು ಅಂದುಕೊಂಡೆ. ಚಳಿಗಾಲದಲ್ಲೇ ಕುಪ್ಪಸ ಬೆವರಿನಿಂದ ತೊಯ್ಯುತ್ತಿತ್ತು. ಕೆಲಸ ಹೆಚ್ಚಾಯಿತಲ್ಲ, ಅದಕ್ಕೆ. ಮಲಗಿದರೆ ನಿದ್ದೆಯಿಲ್ಲ, ಎಡಗಡೆಗೆ ತಿರುಗಿದರೆ ದಿಂಬಿನೊಳಗೇ ಎದೆ ಬಡಿತ ಕೇಳುತ್ತಿತ್ತು. ಪರೀಕ್ಷೆ ಹತ್ತಿರ ಬಂತು, ಅದರ ಚಿಂತೆ. ಬಾಚಣಿಗೆಯ ತುಂಬ ಕೂದಲು. ಎಣ್ಣೆ ಸರಿಯಿಲ್ಲ. ಹೀಗೆ ಎಲ್ಲವನ್ನೂ ಬೇರೆ ಬೇರೆ ಕಡೆ ಹಂಚಿಬಿಟ್ಟಿದ್ದೆ. ಗುಳಿಗೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅದು ನನ್ನನ್ನು ಎಬ್ಬಿಸಿ ನಿಲ್ಲಿಸಿದ ಗುಳಿಗೆ.

ಸಿಟ್ಟೂ ಬರುತ್ತಿತ್ತು. ಬೆಳಗಿನ ಬ್ಯಾಚಿಗೆ ಚಿಗಟೇರಿಯಿಂದ ಮೊದಲ ಬಸ್ಸು ಹಿಡಿದು ಬರುವ ಒಬ್ಬ ಹುಡುಗಿಯಿದ್ದಳು. ಪಿಯುಸಿ ಮುಗಿಸಿದ್ದಳು, ಟೈಪಿಂಗಿನ ಜೂನಿಯರ್ ಪರೀಕ್ಷೆಗೆ ಕಟ್ಟಿದ್ದಳು. ಕೈ ನಿಧಾನ. ತಪ್ಪು ಕಡಿಮೆ, ಆದರೆ ವೇಗ ಬರುತ್ತಿರಲಿಲ್ಲ. ಮೊದಲಾಗಿದ್ದರೆ ನಾನು ಅಂಥವರ ಪಕ್ಕದಲ್ಲಿ ಕೂತು ಬೆರಳು ಹಿಡಿದು ತಿದ್ದುತ್ತಿದ್ದವಳು. ಆ ದಿನ ಅವಳ ಹಿಂದೆ ನಿಂತಿದ್ದೆ. ಅವಳು ಒಂದು ಕೀ ಒತ್ತಿ ಇನ್ನೊಂದನ್ನು ಹುಡುಕುವುದರೊಳಗೆ ನನ್ನ ಮೈಯೆಲ್ಲ ಉರಿದುಹೋಯಿತು. ರೋಲರಿನಿಂದ ಕಾಗದವನ್ನು ಪರ್ರನೆ ಎಳೆದೆ. ಅರ್ಧಕ್ಕೆ ಹರಿಯಿತು.

"ಈ ಕೈಗೆ ಟೈಪಿಂಗ್ ಯಾಕ ಬೇಕು? ಮನ್ಯಾಗ ಕುಂತು ಶೇಂಗಾ ಸುಲಿ ಹೋಗು!"

ಐದು ಮೆಷಿನ್ನುಗಳು ನಿಂತವು. ಅವಳು ಅಳಲಿಲ್ಲ. ನನ್ನ ಮುಖವನ್ನಲ್ಲ, ನನ್ನ ಕೈಯಲ್ಲಿದ್ದ ಹರಿದ ಕಾಗದವನ್ನು ನೋಡಿದಳು. ಆಮೇಲೆ ಮೆಷಿನ್ನಿಗೆ ಹೊದಿಕೆ ಹಾಕಿ, ಚೀಲ ತೆಗೆದುಕೊಂಡು ಹೋದಳು. ಮರುದಿನ ಬರಲಿಲ್ಲ, ಆ ವಾರವೂ ಬರಲಿಲ್ಲ.

"ಏನ್ ಹಂಗ ಬೈತಿಯವ್ವಾ ಮಂದಿ ಮಕ್ಕಳಿಗೆ," ಎಂದು ಅತ್ತೆ ಒಳಗಿನಿಂದ ಅಂದರು. ಅವರಿಗೂ ಏನೋ ತಿರುಗಿ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ. ಅವರು ಮಧ್ಯಾಹ್ನ ಉಣ್ಣಲಿಲ್ಲ ಎಂಬುದು ನೆನಪಿದೆ.

ಇದಾದ ಕೆಲವು ದಿನಕ್ಕೆ ನನ್ನ ಮೆಷಿನ್ನು ಕೆಟ್ಟಿತು. ಕೆಟ್ಟಿತೆಂದು ನಾನು ತಿಳಿದೆ. ಪರೀಕ್ಷೆಯ ಮಾದರಿ ಪುಟಗಳನ್ನು ಅದರಲ್ಲಿ ನಾನೇ ಹೊಡೆದು ಕೊಡುತ್ತಿದ್ದೆ. ಅಕ್ಷರಗಳು ಎರಡೆರಡು ಸಲ ಬೀಳತೊಡಗಿದವು, ಪೂರ್ಣವಿರಾಮ ಇಟ್ಟಲ್ಲೆಲ್ಲ ಕಾಗದಕ್ಕೆ ತೂತು. ಹರಪನಹಳ್ಳಿಯಿಂದ ಮೆಷಿನ್ ರಿಪೇರಿ ಮಾಡುವ ಮುದುಕರೊಬ್ಬರು ಬರುತ್ತಿದ್ದರು. ಸುತ್ತಲಿನ ತಾಲ್ಲೂಕಿನ ಕಚೇರಿಗಳ ಟೈಪ್‌ರೈಟರುಗಳಿಗೆಲ್ಲ ಅವರೇ ಗತಿ. ನಾವು ಅವರನ್ನು ಚಾಚಾ ಅನ್ನುತ್ತಿದ್ದೆವು. ಹೇಳಿ ಕಳಿಸಿದ ಮೂರನೆಯ ದಿನ ಬಂದರು. ಮೆಷಿನ್ನನ್ನು ತಿರುಗಿಸಿ, ಬ್ರಷ್ ಹಾಕಿ, ಎಣ್ಣೆ ಬಿಟ್ಟು, ತಾವೇ ಕೂತು ಒಂದು ಪುಟ ಹೊಡೆದರು. ಅದು ಮುತ್ತು ಪೋಣಿಸಿದಂತೆ ಬಂತು.

"ಈಗ ನೀವು ಹೊಡೀರಿ ಅಕ್ಕಾರ."

ಹೊಡೆದೆ. ಅವರು ಎರಡು ಹಾಳೆಗಳನ್ನೂ ಬಾಗಿಲ ಬೆಳಕಿಗೆ ಹಿಡಿದರು. ನನ್ನ ಹಾಳೆಯ ತೂತುಗಳಲ್ಲಿ ಬಿಸಿಲು ಕಾಣುತ್ತಿತ್ತು.

"ಮೆಷಿನ್ನಿಗೆ ಏನೂ ಆಗಿಲ್ರಿ," ಎಂದರು ಚಾಚಾ, ದನಿ ತಗ್ಗಿಸಿ. "ಹತ್ತು ಹನ್ನೆರಡು ವರ್ಷದಿಂದ ನಿಮ್ಮ ಕೈ ನೋಡೀನಿ. ಇದು ನಿಮ್ಮ ಕೈ ಅಲ್ರಿ. ನಡುಗಾಕ ಹತ್ತೈತಿ. ಯಾರಿಗಾದ್ರೂ ತೋರ್ಸಿರೇನು?"

ನಾನು ಕೈ ಚಾಚಿ ನೋಡಿಕೊಂಡೆ. ಬೆರಳುಗಳು ಸಣ್ಣಗೆ, ಎಡೆಬಿಡದೆ ನಡುಗುತ್ತಿದ್ದವು. ದಿನವೂ ಹತ್ತು ಬೆರಳಿನ ಪಾಠ ಹೇಳುವವಳು ನನ್ನ ಬೆರಳನ್ನೇ ನೋಡಿಕೊಂಡಿರಲಿಲ್ಲ. ಚಾಚಾ ಆ ದಿನ ಕೂಲಿ ಬೇಡವೆಂದು ಹೋದರು; ರಿಪೇರಿ ಮಾಡಿದ್ದರೆ ತಾನೆ, ಎಂದರು.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಸೀಸೆಯನ್ನು ಎತ್ತಿಕೊಂಡು, "ಈ ದರಿದ್ರ ಗುಳಿಗಿ ಇವತ್ತಿಗೇ ಬಿಟ್ಟುಬಿಡು," ಎಂದರು.

"ಬಿಟ್ಟರ ಮತ್ತ ಕುರ್ಚಿ ಮ್ಯಾಲೆ ಮಲಗತೀನಿರಿ," ಎಂದೆ. "ನಾಳೆ ರಜಾ ಹಾಕ್ರಿ. ಹೋಗಿ ಕೇಳೋಣು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಬೆವರು ನಿಲ್ಲಲಿಲ್ಲ. ಆಸ್ಪತ್ರೆಯ ಹನ್ನೆರಡು ಮೆಟ್ಟಿಲು ಹತ್ತುವುದರೊಳಗೆ ಎದೆ ಡವಡವ ಹೊಡೆದುಕೊಂಡಿತು. ಡಾಕ್ಟರು ಮೊದಲು ನಾಡಿ ಹಿಡಿದರು. ಗಡಿಯಾರ ನೋಡುತ್ತಾ ಇನ್ನೊಮ್ಮೆ ಎಣಿಸಿದರು. ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆಯ ಅಂಚು ಗಾಳಿಗೆ ಸಿಕ್ಕ ಎಲೆಯಂತೆ ಪಟಪಟ ಅಂದಿತು.

"ನಿದ್ದೆ ಬರ್ತತಾ? ಹೊಟ್ಟೆ? ಸಿಟ್ಟು?"

ನಾನು ಬೇರೆ ಬೇರೆ ಕಡೆ ಹಂಚಿಟ್ಟಿದ್ದ ಒಂದೊಂದನ್ನೂ ಅವರು ಕೇಳಿ ಕೇಳಿ ಒಂದೇ ಕಡೆ ತಂದಿಟ್ಟರು. ಆಮೇಲೆ, "ಇದರ ಜೊತೆ ಬೇರೆ ಯಾವ ಗುಳಿಗೆ ತಗೊಂತಿದ್ರಿ?" ಎಂದರು.

ಕಬ್ಬಿಣದ ಗುಳಿಗೆಯ ವಿಷಯ ಹೇಳಿದೆ. ಚಹಾದ ವಿಷಯವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಕಬ್ಬಿಣ ಇದನ್ನ ಮೈಗೆ ಹತ್ತಾಕೆ ಬಿಡಲ್ಲಮ್ಮ. ನೀವು ನುಂಗಿದ್ದರಲ್ಲಿ ಅರ್ಧ ದಂಡ ಆಗ್ತಿತ್ತು. ಸಾಲ್ತಿಲ್ಲ ಅಂತ ನಾನು ಏರಿಸ್ತಾ ಹೋದೆ. ಈಗ ಕಬ್ಬಿಣ ನಿಂತೈತೆ, ಗುಳಿಗೆ ಪೂರ್ತಿ ಹತ್ತತಾ ಐತೆ. ನಿಮಗೆ ಬೇಕಾಗಿದ್ದಕ್ಕಿಂತ ಜಾಸ್ತಿ ಆತು." ಮತ್ತೆ ಪೆನ್ನು ಎತ್ತಿಕೊಂಡು, "ನಾನೂ ಕೇಳಬೇಕಿತ್ತು, ಕೇಳಲಿಲ್ಲ," ಎಂದರು. ಡಾಕ್ಟರೊಬ್ಬರು ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಅಂದೇ ರಕ್ತ ತೆಗೆದುಕೊಂಡರು. ಎರಡು ದಿನ ಗುಳಿಗೆ ಬಿಡಿ, ಮೂರನೆಯ ದಿನದಿಂದ ನೂರು, ಎದೆ ಬಡಿತಕ್ಕೆ ಕೆಲವು ದಿನ ಇನ್ನೊಂದು ಗುಳಿಗೆ ಎಂದು ಬರೆದರು. ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಬೇಕು, ಅರ್ಧ ಮುಕ್ಕಾಲು ತಾಸು ಚಹಾ ಮುಟ್ಟಬಾರದು. ಮತ್ತೆಂದಾದರೂ ಕಬ್ಬಿಣದ ಗುಳಿಗೆ ಬೇಕಾದರೆ ನಾಲ್ಕು ತಾಸು ಅಂತರವಿರಬೇಕು. ಎದೆ ಹೊಡೆದುಕೊಂಡರೆ, ಕೈ ನಡುಗಿದರೆ, ಬೆವರು, ಭೇದಿ, ನಿದ್ದೆಗೇಡು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಬರಬೇಕು. ಎದೆ ನೋವು ಬಂದರೆ ಒಂದು ಗಳಿಗೆಯೂ ತಡೆಯಬಾರದು. ತಾನಾಗಿ ಬಿಡುವುದೂ ಬೇಡ, ತಾನಾಗಿ ಏರಿಸುವುದೂ ಬೇಡ. ಯಜಮಾನರು ಇದನ್ನೆಲ್ಲ ಕಚೇರಿಯ ಅಕ್ಷರದಲ್ಲಿ ಬರೆದುಕೊಂಡು, ಅಡುಗೆಮನೆಯ ಗೋಡೆಗೆ ಅಂಟಿಸಿದರು.

ಹದಿನೈದು ದಿನಕ್ಕೆ ಕೈ ನಡುಕ ತಗ್ಗಿತು. ನಿದ್ದೆ ಬಂತು. ಎರಡು ತಿಂಗಳ ನಂತರದ ರಿಪೋರ್ಟಿನಲ್ಲಿ ನೂರೂ ತುಸು ಹೆಚ್ಚೇ ಎಂದಾಯಿತು. ಒಂದು ದಿನ ಪೂರ್ತಿ ಗುಳಿಗೆ, ಒಂದು ದಿನ ಅರ್ಧ ಎಂದು ಗೊತ್ತುಮಾಡಿದರು. ಆ ಪುಟ್ಟ ಗುಳಿಗೆಯನ್ನು ಸಮನಾಗಿ ಒಡೆಯುವುದು ನನ್ನಿಂದ ಆಗದು. ಅತ್ತೆ ತಮ್ಮ ಅಡಕೊತ್ತನ್ನು ತೊಳೆದು ಒರೆಸಿ, ಅದರ ಬಾಯಿಗೆ ಗುಳಿಗೆ ಇಟ್ಟು ಕಟ್ಟನೆ ಎರಡು ಮಾಡುತ್ತಿದ್ದರು. ನಾನು ಅವರಿಗೆ ಅಂದ ಮಾತನ್ನು ಅವರು ಎಂದೂ ಎತ್ತಲಿಲ್ಲ. "ಇವತ್ತು ಅರ್ಧದ ದಿನ, ನೆನಪೈತಿಲ್ಲ?" ಎಂದಷ್ಟೇ ಕೇಳುತ್ತಿದ್ದರು.

ವಾಸಿಯಾಗುವುದೆಂದರೆ ಹಗುರಾಗುವುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಕೆಲವು ಕಿಲೋ ತೂಕ ವಾಪಸು ಬಂತು. ಐದಕ್ಕೆ ಏಳುವುದು ಮತ್ತೆ ಕಷ್ಟವಾಯಿತು. ಹಿತ್ತಾಳೆ ಪಾತ್ರೆಗಳು ಮಬ್ಬಾದವು, ಹಾಗೇ ಬಿಟ್ಟೆ. ಅರ್ಧದ ದಿನಗಳಲ್ಲಿ ಕೆಲವೊಮ್ಮೆ ಸೀಸೆಯ ಮುಂದೆ ನಿಂತು, ಇನ್ನರ್ಧವನ್ನೂ ಹಾಕಿಕೊಂಡರೆ ಏನಾದೀತು ಎಂದು ಯೋಚಿಸಿದ್ದುಂಟು. ಆ ಚುರುಕು, ಆ ಹೊಗಳಿಕೆ ನೆನಪಾಗುತ್ತಿತ್ತು. ಹಾಕಿಕೊಳ್ಳಲಿಲ್ಲ. ಚಿಗಟೇರಿಯ ಹುಡುಗಿ ಕೂರುತ್ತಿದ್ದ ಜಾಗಕ್ಕೆ ಇನ್ನೊಬ್ಬರು ಬಂದಿದ್ದರು.

"ಅದು ನೀನಲ್ಲ, ಗುಳಿಗಿ ಮಾಡಿಸಿದ್ದು," ಎಂದು ಯಜಮಾನರು ಸಮಾಧಾನ ಹೇಳುತ್ತಿದ್ದರು. ಅದು ಸುಳ್ಳೇನಲ್ಲ. ಆದರೆ ಕೈ ನಡುಗಿಸಿದ್ದು ಗುಳಿಗೆ ಎಂದು ಒಪ್ಪಿದಷ್ಟು ಸುಲಭವಾಗಿ, ಶೇಂಗಾ ಸುಲಿ ಎಂಬ ಮಾತೂ ಗುಳಿಗೆಯದೇ ಎಂದು ಒಪ್ಪಲು ನನಗಾಗಲಿಲ್ಲ. ಮಾತು ಎಲ್ಲೋ ನನ್ನೊಳಗೇ ಇದ್ದಿರಬೇಕಲ್ಲ.

ಬೇಸಿಗೆಯ ಒಂದು ಭಾನುವಾರ ಚಿಗಟೇರಿಗೆ ಹೋದೆ. ಬಸ್ಸಿಳಿದು ಕೇಳಿದರೆ ಮನೆ ತೋರಿಸಿದರು. ಅವಳ ತಾಯಿ ಅಂಗಳದಲ್ಲಿ ಎಮ್ಮೆಗೆ ನೀರಿಡುತ್ತಿದ್ದವರು, ಗುರುತು ಹೇಳಿದ ಕೂಡಲೇ, "ಬರ್ರಿ ಬರ್ರಿ, ಒಳಗ ಬರ್ರಿ," ಎಂದು ಕಂಬಳಿ ಹಾಸಿದರು. ಹುಡುಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಹರಪನಹಳ್ಳಿಯ ಇನ್ನೊಂದು ಇನ್‌ಸ್ಟಿಟ್ಯೂಟಿಗೆ ಸೇರಿ ಅಲ್ಲಿಂದಲೇ ಪರೀಕ್ಷೆ ಬರೆದಿದ್ದಳಂತೆ, ಫಲಿತಾಂಶ ಇನ್ನೂ ಬಂದಿರಲಿಲ್ಲ.

"ನಿಧಾನ ಅದಾಳ್ರಿ ನಮ್ಮ ಹುಡುಗಿ," ಎಂದರು ತಾಯಿ, ತಾವೇ ತಪ್ಪು ಒಪ್ಪಿಕೊಳ್ಳುವವರಂತೆ. "ನಾಕಕ್ಕ ಎದ್ದು ಎಮ್ಮಿ ಹಿಂಡಿ, ಕಸ ಹೊಡದು ಬಸ್ಸಿಗೆ ಓಡ್ತಿದ್ಲು. ಬೆರಳು ಬಿಗದಿರ್ತಾವ್ರಿ."

ಎಂಟು ತಿಂಗಳು ನನ್ನ ಮುಂದೆ ಕೂತಿದ್ದವಳ ಬಗ್ಗೆ ಇಷ್ಟು ನನಗೆ ಗೊತ್ತಿರಲಿಲ್ಲ. ನನ್ನ ದಣಿವೊಂದೇ ಲೋಕದಲ್ಲಿರುವ ದಣಿವು ಎಂಬಂತೆ ಇದ್ದೆ.

ಅವಳು ಬಸ್ಸಿನ ತನಕ ಜೊತೆಗೆ ಬಂದಳು. ಬೇವಿನ ಮರದ ಕೆಳಗೆ ನಿಂತಾಗ, ಹೇಗೋ ಹೇಳಿದೆ. "ಆವತ್ತು ನಾನು ಹಂಗ ಅನ್ನಬಾರದಾಗಿತ್ತು. ನನಗ ಮೈಯಾಗ ಆರಾಮ ಇರಲಿಲ್ಲ. ಆದ್ರೂ ಅನ್ನಬಾರದಾಗಿತ್ತು."

ಅವಳು ಚಪ್ಪಲಿಯ ತುದಿಯಿಂದ ಮಣ್ಣು ಕೆದಕುತ್ತಾ, "ಆರಾಮ ಇಲ್ಲ ಅಂತ ಗೊತ್ತಿತ್ರಿ ಮೇಡಂ," ಅಂದಳು. "ಕಾಗದ ಹಿಡಕೊಂಡಿದ್ರಲ್ರಿ, ಕೈ ಭಾಳ ನಡುಗ್ತಿತ್ತು. ಅದಕ್ಕೂ ಮೊದ್ಲ ಒಂದ್ ಸಲ ನೋಡಿದ್ದೆ. ಹೇಳಾಕ ಅಂಜಿಕಿ ಆತ್ರಿ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಗಟ್ಟಿಯಾಗಿಯೂ ಹಿಡಿಯಲಿಲ್ಲ. ಬಸ್ಸು ಬಂತು. ಮತ್ತೆ ನಮ್ಮಲ್ಲಿಗೆ ಬಾ, ಸೀನಿಯರ್ ಕಟ್ಟು ಎಂದೆ. ನೋಡ್ತೀನ್ರಿ ಎಂದಳು. ಅವಳು ಬರಲಿಲ್ಲ. ಪಾಸಾಗಿದ್ದಾಳೆ ಎಂದು ಮಾತ್ರ ಚಾಚಾ ಒಮ್ಮೆ ಹೇಳಿದರು.

ಮುಂದಿನ ಕೆಲವೇ ವರ್ಷಗಳಲ್ಲಿ ಕಂಪ್ಯೂಟರುಗಳು ಬಂದು ಬ್ಯಾಚುಗಳು ತೆಳುವಾದವು. ಒಂದು ಕನ್ನಡದ ಮೆಷಿನ್ನನ್ನು ಇಟ್ಟುಕೊಂಡು ಉಳಿದವನ್ನು ಚಾಚಾ ಮೂಲಕವೇ ಮಾರಿದೆವು. ಅತ್ತೆ ತೀರಿಕೊಂಡದ್ದೂ ಅದೇ ವರ್ಷ. ಗುಳಿಗೆಯ ಅಳತೆ ಮೊದಲ ಹತ್ತು ವರ್ಷಗಳಲ್ಲಿ ಮೂರು ಸಲ ಬದಲಾಯಿತು. ಬದಲಾದಾಗಲೆಲ್ಲ ಎರಡು ತಿಂಗಳು ನನ್ನ ಮೈಯನ್ನು ನಾನೇ ಪಕ್ಕದ ಮನೆಯವಳಂತೆ ಗಮನಿಸುತ್ತಾ ಇರಬೇಕಾಗುತ್ತಿತ್ತು: ನಿದ್ದೆ ಹೇಗಿದೆ, ಎದೆ ಹೇಗಿದೆ, ಯಾರ ಮೇಲಾದರೂ ರೇಗಿದೆನೇ. ಅದೂ ಒಂದು ದುಡಿಮೆಯೇ. ಕೆಲವು ದಿನ ಬೆಳಿಗ್ಗೆ ಗುಳಿಗೆ ನುಂಗಿ, ಚಹಾ ಕುಡಿಯಲು ಇನ್ನೂ ಅರ್ಧ ತಾಸಿದೆ ಎಂದು ಖಾಲಿ ಪಡಸಾಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ರಸ್ತೆಯಲ್ಲಿ ಮೊದಲ ಬಸ್ಸು ಹೋಗುವ ಸದ್ದಾದರೆ ಎದ್ದು ಒಲೆಯ ಮೇಲೆ ನೀರಿಡುತ್ತಿದ್ದೆ.